ಕನ್ಯಾಮಠ, ಅಗ್ರಹಾರ ಮತ್ತು ‘ಸಂಸ್ಕಾರ’

1966ರ ಮಾರ್ಚ್ ತಿಂಗಳ ಕೊನೆಯಲ್ಲಿ ಫ್ರಾನ್ಸ್ ದೇಶದ ಸರ್ಕಾರವು ಒಂದು ಚಲನಚಿತ್ರದ ಪ್ರದರ್ಶನವನ್ನು ನಿಷೇಧಿಸಿತು. ಜಾಕ್ ರಿವೆತ್ ಎಂಬ ನಿರ್ದೇಶಕನು, ಹದಿನೆಂಟನೆಯ ಶತಮಾನದ ಚಿಂತಕ ದಿದೆರೋ ಬರೆದಿಟ್ಟು, ಅವನು ತೀರಿಹೋದ ಮೇಲೆ 1796ರಲ್ಲಿ ಅಚ್ಚಾದ ಕಾದಂಬರಿಯೊಂದನ್ನು ಆಧರಿಸಿ ತೆಗೆದ ಚಿತ್ರವದು. ಅದರ ಹೆಸರನ್ನು ಕನ್ನಡದಲ್ಲಿ ‘ಸಂನ್ಯಾಸಿನಿ’ ಎನ್ನಬಹುದು. ಸೆನ್ಸಾರ್ ಸಮಿತಿ ಎರಡು ಬಾರಿ ನೋಡಿ ಒಪ್ಪಿದ್ದರೂ ಮಂತ್ರಿಗಳು ಒಪ್ಪಲಿಲ್ಲ. ಆದರೂ ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅದನ್ನು ತೋರಿಸಲಾಯಿತು. ಫ್ರಾನ್ಸಿನ ಜನ ಅದನ್ನು ನೋಡಿದ್ದು 1967ರಲ್ಲಿ. ಕಥೆ ಸರಳವಾದುದು. ಸುಜಾನ್ ಎಂಬ ಹುಡುಗಿ ತಾಯಿಯ ಗುಟ್ಟಿನ ಸಂಬಂಧದಲ್ಲಿ ಹುಟ್ಟಿದವಳು. ಆ ತಪ್ಪಿನ ಪ್ರಾಯಶ್ಚಿತ್ತಕ್ಕೆಂದು ಮನೆಯವರು ಆಕೆಯನ್ನು ಬಲವಂತವಾಗಿ ಕನ್ಯಾಮಠಕ್ಕೆ ಸೇರಿಸುತ್ತಾರೆ. ಒಬ್ಬ ಮಠಾಧಿಕಾರಿಣಿ ಆಕೆಯನ್ನು ಹಿಂಸಿಸುತ್ತಾಳೆ, ಮತ್ತೊಬ್ಬಳು ಆಕೆಯನ್ನೇ ಮೋಹಿಸುತ್ತಾಳೆ. ಇಷ್ಟಾದರೂ ಸುಜಾನ್ ದೇವರನ್ನು ನಿರಾಕರಿಸುವುದಿಲ್ಲ. ನಾನು ತೊಡದ ವ್ರತವನ್ನು ನನ್ನ ಮೈಮೇಲಿಂದ ತೆಗೆಯಿರಿ ಎಂದಷ್ಟೇ ಬೇಡುತ್ತಾಳೆ.

ನಮ್ಮ ರಾಯಚೂರಿನಲ್ಲಿ ‘ಕಾನ್ವೆಂಟ್’ ಎಂದರೆ ಕೊರಳಿಗೆ ಟೈ ಕಟ್ಟಿಕೊಂಡು ಹೋಗುವ ಇಂಗ್ಲಿಷ್ ಶಾಲೆ. ಆ ಪದದ ಮೂಲಾರ್ಥ ಕ್ರೈಸ್ತ ಸಂನ್ಯಾಸಿನಿಯರು ವ್ರತಧಾರಿಗಳಾಗಿ ಒಟ್ಟಿಗೆ ಬಾಳುವ ಮಠ ಎಂದು ತರಗತಿಯಲ್ಲಿ ಹೇಳಿದಾಗ ನೀವೆಲ್ಲ ನಕ್ಕದ್ದು ನನಗೆ ನೆನಪಿದೆ. ಅಂಥ ಮಠಗಳು ನಮ್ಮ ಸಂಪ್ರದಾಯದಲ್ಲಿ ಇರಲಿಲ್ಲವೇ ಎಂದು ಆಗ ಒಬ್ಬಳು ವಿದ್ಯಾರ್ಥಿನಿ ಕೇಳಿದ್ದಳು. ಜೈನರಲ್ಲಿ ಕಂತಿಯರಿದ್ದರು, ಶ್ರವಣಬೆಳಗೊಳದ ಶಾಸನಗಳಲ್ಲಿ ಅವರ ಹೆಸರುಗಳಿವೆ. ಶರಣರಲ್ಲಿ ಅಕ್ಕನಂಥವರು ಒಂಟಿಯಾಗಿಯೇ ನಡೆದುಹೋದರು. ನಮ್ಮ ಮಾಧ್ವ ಮಠಗಳಲ್ಲಾದರೋ ಸಂನ್ಯಾಸವು ಗಂಡಸರ ಸ್ವತ್ತು. ಹೆಂಗಸರಿಗೆ ಬೇರೆ ಮಠ ಕಟ್ಟುವ ಗೋಜಿಗೆ ನಮ್ಮವರು ಹೋಗಲಿಲ್ಲ. ಗಂಡ ಸತ್ತವಳಿಗೆ ಅಡುಗೆಮನೆಯೇ ಮಠವಾಯಿತು. ಬೋಳಿಸಿದ ತಲೆ, ಕೆಂಪು ಸೀರೆ, ಒಪ್ಪೊತ್ತಿನ ಊಟ, ಮಡಿ. ಕನ್ಯಾಮಠದ ನಿಯಮಾವಳಿಯಲ್ಲಿ ಇದಕ್ಕಿಂತ ಹೆಚ್ಚೇನಿತ್ತು? ಆದಕಾರಣ ನಂಬಿಕೆ ಹಾಗೂ ನಿಷಿದ್ಧವಾದ ಬಯಕೆ ಎದುರಾಗುವ ಕಥೆಯನ್ನು ಕನ್ನಡದಲ್ಲಿ ಹುಡುಕುವವರು ಅಗ್ರಹಾರದ ಒಳಕ್ಕೇ ಹೋಗಬೇಕು. ಹಾಗೆ ಹೋದ ಮೊದಲ ದೊಡ್ಡ ಚಲನಚಿತ್ರ ‘ಸಂಸ್ಕಾರ’. ಅದಕ್ಕೂ ಸುಜಾನಳ ಚಿತ್ರಕ್ಕೆ ಬಂದ ಗತಿಯೇ ಬಂತು.

ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಇದ್ದಾಗ ಬರೆದ ಈ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಬರ್ಗ್‌ಮನ್ ನಿರ್ದೇಶಿಸಿದ, ಪ್ಲೇಗಿನ ಕಾಲದಲ್ಲಿ ದೇವರನ್ನು ಹುಡುಕುವ ಯೋಧನ ಚಿತ್ರವೊಂದನ್ನು ಅಡಿಬರಹಗಳಿಲ್ಲದೆ, ಭಾಷೆ ತಿಳಿಯದೆ ನೋಡಿದ್ದೇ ಬರೆಯಲು ಪ್ರೇರಣೆಯಾಯಿತೆಂದು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. ಯೂರೋಪಿನ ಮಧ್ಯಯುಗ ಅಲ್ಲಿಯವರಿಗೆ ಪುಸ್ತಕದಿಂದ ಬರಬೇಕು. ನಮಗೆ ಅದು ನೆನಪಿನಲ್ಲೇ ಇದೆ ಎಂದು ಅವರಿಗೆ ಅನಿಸಿತಂತೆ. ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಿತ್ರವಾಗಿಸಿದರು. ಚಿತ್ರಕಥೆ ಗಿರೀಶ ಕಾರ್ನಾಡರದು. ಪ್ರಾಣೇಶಾಚಾರ್ಯನ ಪಾತ್ರವನ್ನೂ ಅವರೇ ವಹಿಸಿದರು. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಕಲಾ ನಿರ್ದೇಶನ ಚಿತ್ರಕಾರ ಎಸ್. ಜಿ. ವಾಸುದೇವ್ ಅವರದು. ಚಿತ್ರೀಕರಣ ನಡೆದದ್ದು ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ. ಕನ್ನಡ ಚಿತ್ರಗಳೂ ಆಗ ಮದರಾಸಿನ ಸೆನ್ಸಾರ್ ಮಂಡಳಿಯ ಮುಂದೆ ಹೋಗಬೇಕಿತ್ತು. ಜಾತಿ ಜಾತಿಗಳ ನಡುವೆ ಕ್ಷೋಭೆ ಉಂಟಾದೀತೆಂಬ ಭಯದಿಂದ ಮಂಡಳಿ ಅದನ್ನು ತಡೆಹಿಡಿಯಿತು. ಕೊನೆಗೆ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಅನುಮತಿ ಬಂದು ಚಿತ್ರ ಬಿಡುಗಡೆಯಾಯಿತು. ತಡೆದದ್ದೂ ಸರ್ಕಾರದ್ದೇ ಮಂಡಳಿ, 1970ನೆಯ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಕೊಟ್ಟದ್ದೂ ಸರ್ಕಾರವೇ! ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಕಥೆಯನ್ನು ಓದಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ಓದದ ಮೊಮ್ಮಕ್ಕಳಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ದೂರ್ವಾಸಪುರ ಎಂಬ ಮಾಧ್ವ ಅಗ್ರಹಾರ. ಅಲ್ಲಿ ನಾರಣಪ್ಪ ಎಂಬವನು ಸಾಯುತ್ತಾನೆ. ಅವನು ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ತಂದಿಟ್ಟುಕೊಂಡವನು, ಮಾಂಸ ಮದ್ಯ ಸೇವಿಸಿದವನು, ಸಾಲಿಗ್ರಾಮವನ್ನು ಹೊಳೆಗೆಸೆದವನು. ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಆದ್ದರಿಂದ ಅವನು ಬ್ರಾಹ್ಮಣನಾಗಿಯೇ ಸತ್ತ. ಹಾಗಾದರೆ ಅವನ ಸಂಸ್ಕಾರ ಮಾಡುವವರು ಯಾರು? ಹೆಣ ಮನೆಯಲ್ಲಿರುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ. ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಖರ್ಚಿಗೆಂದು ಇಡುತ್ತಾಳೆ. ಆ ಚಿನ್ನ ಕಂಡೊಡನೆ, ಒಲ್ಲೆ ಎಂದವರಿಗೆ ಶಾಸ್ತ್ರದಲ್ಲಿ ದಾರಿಗಳು ಹೊಳೆಯತೊಡಗುತ್ತವೆ. ನಿರ್ಣಯ ಹೇಳಬೇಕಾದವನು ಪ್ರಾಣೇಶಾಚಾರ್ಯ. ಕಾಶಿಯಲ್ಲಿ ಓದಿ ಬಂದ ಪಂಡಿತ. ಓಲೆಗರಿಗಳನ್ನೆಲ್ಲ ತಿರುವಿಹಾಕಿದರೂ ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕಾಗಿ ದಿನವೆಲ್ಲ ಕಾಯುತ್ತಾನೆ. ಮಾರುತಿ ಮಾತಾಡುವುದಿಲ್ಲ. ಸೋತು ಹಿಂದಿರುಗುವಾಗ ಕತ್ತಲೆಯ ಕಾಡಿನಲ್ಲಿ ಚಂದ್ರಿ ಅವನ ಕಾಲಿಗೆ ಬೀಳುತ್ತಾಳೆ. ಹಸಿದ, ದಣಿದ ಆ ಇಬ್ಬರ ನಡುವೆ ಆಗಬಾರದ್ದೆಂದು ಲೋಕ ಕರೆಯುವುದು ಆಗಿಹೋಗುತ್ತದೆ.

ಸೆನ್ಸಾರಿನವರ ಕಣ್ಣು ನಿಂತದ್ದು ಬಹುಶಃ ಇಂಥ ಕಡೆಗೇ ಇರಬೇಕು. ನನ್ನ ಕಣ್ಣು ನಿಂತದ್ದು ಅದಕ್ಕಿಂತ ಹಿಂದಿನ ಒಂದು ಸಂಗತಿಯಲ್ಲಿ. ಆಚಾರ್ಯನ ಹೆಂಡತಿ ಭಾಗೀರಥಿ ಕಾಯಿಲೆಯವಳು. ಇಪ್ಪತ್ತು ವರ್ಷ ಅವನು ಆಕೆಯನ್ನು ಮೀಯಿಸಿ, ಉಣ್ಣಿಸಿ, ಮದ್ದು ಕುಡಿಸಿ ಸೇವೆ ಮಾಡಿದ್ದಾನೆ. ಬೇರೆ ಮದುವೆಯಾಗಿ ಎಂದು ಆಕೆಯೇ ಹೇಳಿದರೂ ಒಪ್ಪಿಲ್ಲ. ನಾವು ಮೊದಲು ಓದಿದಾಗ ಎಂಥ ತ್ಯಾಗಿ ಎನ್ನುತ್ತೇವೆ. ಎರಡನೆಯ ಸಲ ಓದಿದಾಗ ಬೇರೊಂದು ಕಾಣುತ್ತದೆ. ರೋಗಿಯನ್ನು ಕೈಹಿಡಿದದ್ದು ತನ್ನ ವೈರಾಗ್ಯಕ್ಕೆ ಒದಗಿದ ತಪೋಭೂಮಿ ಎಂದು ಅವನೇ ಭಾವಿಸಿದ್ದಾನೆ. ಅಂದರೆ ಅವನ ಬ್ರಹ್ಮಚರ್ಯಕ್ಕೆ ಆಕೆಯ ಕಾಯಿಲೆ ಉಪಕರಣವಾಯಿತು. ವ್ರತ ಅವನದು, ಅದರ ಭಾರ ಹೊತ್ತದ್ದು ಆಕೆಯ ದೇಹ. ಸಾಯಂಕಾಲ ಜಗುಲಿಯಲ್ಲಿ ಇದೇ ಆಚಾರ್ಯ ಶಕುಂತಲೆಯ ಚೆಲುವನ್ನು ರಸವತ್ತಾಗಿ ವರ್ಣಿಸಿ ಪುರಾಣ ಹೇಳುತ್ತಾನೆ. ಅದನ್ನು ಕೇಳಿದ ಪಡ್ಡೆ ಹುಡುಗನೊಬ್ಬ ನೇರವಾಗಿ ಹೊಳೆಯ ಬದಿಗೆ ಹೆಣ್ಣನ್ನು ಹುಡುಕಿಕೊಂಡು ಹೋದನೆಂದು ನಾರಣಪ್ಪ ಬದುಕಿದ್ದಾಗ ಚುಚ್ಚಿರುತ್ತಾನೆ. ಬಯಕೆ ಎಂಬುದು ಆ ಅಗ್ರಹಾರಕ್ಕೆ ಚಂದ್ರಿಯ ಜೊತೆ ಕುಂದಾಪುರದಿಂದ ಬಂದುದಲ್ಲ ಎಂದಾಯಿತು.

ಚಿತ್ರದ ಸಂಗೀತ ರಾಜೀವ ತಾರಾನಾಥರದು. ನಮ್ಮ ಊರಿನ ಹಿರಿಯರಿಗೆ ‘ತಾರಾನಾಥ’ ಎಂಬ ಹೆಸರು ಕೇಳಿದೊಡನೆ ಕಿವಿ ನಿಮಿರುತ್ತದೆ. ರಾಜೀವರ ತಂದೆ ಪಂಡಿತ ತಾರಾನಾಥರು ನಿಜಾಮನ ಆಳ್ವಿಕೆಯ ರಾಯಚೂರಿನಲ್ಲಿ, 1920ರ ದಶಕದಲ್ಲಿ, ‘ಹಮ್‌ದರ್ದ್’ ಶಾಲೆಯನ್ನು ತೆರೆದವರು. ಆ ಉರ್ದು ಪದಕ್ಕೆ ನೋವಿನಲ್ಲಿ ಪಾಲುಗೊಳ್ಳುವವನು ಎಂದು ಅರ್ಥ. ಶಾಲೆಗೆ ಇಂಥ ಹೆಸರಿಟ್ಟವರನ್ನು ನಾನು ಬೇರೆ ಕಾಣೆ. ತಾರಾನಾಥ ಶಿಕ್ಷಣ ಸಂಸ್ಥೆ ಎಂಬ ಹೆಸರಿನಲ್ಲಿ ಅವರ ನೆನಪು ನಮ್ಮ ನಗರದಲ್ಲಿ ಉಳಿದಿದೆ. ಅವರು ವೈದ್ಯರು, ಸಂಗೀತಗಾರರು, ‘ದೀನಬಂಧು ಕಬೀರ’ ನಾಟಕ ಬರೆದವರು. ತುಂಗಭದ್ರೆಯ ದಡದಲ್ಲಿ ಅವರು ಕಟ್ಟಿದ ಆಶ್ರಮದ ಹೆಸರು ‘ಪ್ರೇಮಾಯತನ’. ಆಶ್ರಮಕ್ಕೆ ವೈರಾಗ್ಯದ ಹೆಸರನ್ನಿಡದೆ ಪ್ರೇಮದ ಹೆಸರನ್ನಿಟ್ಟರು. 1932ರಲ್ಲಿ ಹುಟ್ಟಿದ ರಾಜೀವರ ಬಾಲ್ಯ ಕಳೆದದ್ದು ಅಲ್ಲಿ. ಹತ್ತು ವರ್ಷದವರಿದ್ದಾಗ, 1942ರಲ್ಲಿ, ತಂದೆ ತೀರಿಕೊಂಡರು. ಮುಂದೆ ಅವರು ಇಂಗ್ಲಿಷ್ ಪ್ರಾಧ್ಯಾಪಕರಾದರು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ವಾದನದಲ್ಲಿ ದೊಡ್ಡ ಹೆಸರಾದರು. 2019ರಲ್ಲಿ ಪದ್ಮಶ್ರೀ ಬಂತು. 2024ರ ಜೂನ್ 11ರಂದು ಮೈಸೂರಿನಲ್ಲಿ ನಿಧನರಾದರು. ಮಠದ ಹೊರಗೆ, ಪ್ರೇಮದ ಹೆಸರಿನ ಆಶ್ರಮದಲ್ಲಿ ಬೆಳೆದವರೊಬ್ಬರು ಪ್ರಾಣೇಶಾಚಾರ್ಯನ ಕಥೆಗೆ ನಾದ ಕೂಡಿಸಿದರೆಂಬುದು ನನಗೆ ಸಮಂಜಸವಾಗಿ ತೋರುತ್ತದೆ.

ಇನ್ನು ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ‘ಸಂಸ್ಕಾರ’ವು ಹೊರಗಿನವರು ನಂಬಿಕೆಯ ಮೇಲೆ ಮಾಡಿದ ದಾಳಿ ಎಂದು ನಮ್ಮ ಬಂಧುಗಳಲ್ಲಿ ಅನೇಕರು ಇಂದಿಗೂ ಹೇಳುತ್ತಾರೆ. ಅವರಲ್ಲಿ ಬಹುತೇಕರು ಚಿತ್ರ ನೋಡಿಲ್ಲ. ಆದರೆ ಅವರೆಲ್ಲ ಮಾನ್ವಿಯ ಜಗನ್ನಾಥದಾಸರ ಕಥೆಯನ್ನು ಬಲ್ಲವರು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನ ಪಂಡಿತರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ಸುಳ್ಳು ನೆವ ಹೇಳಿದರಂತೆ. ನೆವವೇ ನಿಜವಾಗಿ ಉದರರೋಗ ಹತ್ತಿತು. ಔಷಧಿ, ಸೇವೆ ಯಾವುದಕ್ಕೂ ಬಗ್ಗದಿದ್ದಾಗ ವಿಜಯದಾಸರ ಬಳಿಗೇ ಬಂದು ಶರಣಾದರು. ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಆತನಿಗೆ ಧಾರೆಯೆರೆದರೆಂದು ಪರಂಪರೆ ಹೇಳುತ್ತದೆ. ಆ ಪಂಡಿತರೇ ಜಗನ್ನಾಥದಾಸರಾಗಿ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲಿ ರಚಿಸಿ 1809ರಲ್ಲಿ ಮಾನ್ವಿಯಲ್ಲಿ ದೇಹ ಬಿಟ್ಟರು. ಅವರು ನೆಲೆಸಿದ್ದಾರೆಂದು ನಂಬುವ ಕಂಬಕ್ಕೆ ಅಲ್ಲಿ ಪೂಜೆ ನಡೆಯುತ್ತದೆ.

ಈ ಕಥೆಯಲ್ಲಿ ಹಸಿವಿದೆ, ಅದರಲ್ಲಿ ಬಯಕೆ, ಇರಲಿ. ಆದರೆ ತನ್ನ ವಿದ್ವತ್ತನ್ನೇ ವ್ರತವೆಂದು ತಿಳಿದ ಪಂಡಿತನನ್ನು ಅವನ ದೇಹವೇ ಕೆಡವಿ ಕೂರಿಸುವುದು ಎರಡು ಕಡೆಯೂ ಒಂದೇ. ನಮ್ಮ ದಾಸರು ಇನ್ನೂರು ವರ್ಷಗಳ ಹಿಂದೆಯೇ ಕೇಳಿಕೊಂಡ ಪ್ರಶ್ನೆಯನ್ನು ಅನಂತಮೂರ್ತಿಯವರು ಮತ್ತೆ ಕೇಳಿದರು. ವ್ಯತ್ಯಾಸವಿರುವುದು ಮುಂದೆ. ಶ್ರೀನಿವಾಸಾಚಾರ್ಯರಿಗೆ ಆಯುಸ್ಸನ್ನು ಕೊಡುವ ಗೋಪಾಲದಾಸರು ಸಿಕ್ಕರು. ಪ್ರಾಣೇಶಾಚಾರ್ಯನಿಗೆ ಯಾರೂ ಸಿಗುವುದಿಲ್ಲ. (ಹೆಸರಿನ ಬಗ್ಗೆ ಒಂದು ಮಾತು. ಜಗನ್ನಾಥದಾಸರ ಶಿಷ್ಯರಾದ ಲಿಂಗಸುಗೂರಿನ ದಾಸರ ಹೆಸರೂ ಪ್ರಾಣೇಶ ಎಂದೇ. ಪ್ರಾಣೇಶನೆಂದರೆ ನಮ್ಮಲ್ಲಿ ವಾಯುದೇವರು, ಮಾರುತಿ. ಕಥೆಯ ಆಚಾರ್ಯ ಉತ್ತರ ಬೇಡಿ ಹೋದದ್ದು ತನ್ನದೇ ಹೆಸರಿನ ದೇವರ ಬಳಿಗೆ!)

ಗೋಪಾಲದಾಸರ ಹೆಸರು ಬಂದಾಗ ಹೆಳವನಕಟ್ಟೆ ಗಿರಿಯಮ್ಮನನ್ನು ನೆನೆಯದೆ ಇರಲಾಗದು. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿಗೆ ಸೊಸೆಯಾಗಿ ಬಂದ ಆಕೆ ದಾಂಪತ್ಯ ತನಗೆ ಬೇಡವೆಂದು ಗಂಡ ತಿಪ್ಪರಸನಿಗೆ ತಿಳಿಸಿ, ಅವನಿಗೆ ಬೇರೆ ಮದುವೆಯಾಗಲು ಒಪ್ಪಿ, ತಾನು ರಂಗನಾಥನಿಗೆ ಮನಸ್ಸನ್ನು ಒಪ್ಪಿಸಿದಳೆಂದು ಹೇಳುತ್ತಾರೆ. ಊರು ಆಡಿಕೊಂಡಿತು. ಗೋಪಾಲದಾಸರು ಆಕೆಯನ್ನು ಶಿಷ್ಯೆಯಾಗಿ ಸ್ವೀಕರಿಸಿ ಅನುಗ್ರಹಿಸಿದರು. ಆಕೆ ‘ಚಂದ್ರಹಾಸನ ಕಥೆ’ಯನ್ನು ಬರೆದಳು, ಆ ಹಾಡುಗಳನ್ನು ನಮ್ಮ ಮನೆಯ ಹೆಂಗಸರು ಬಾಯಿಪಾಠ ಹೇಳುತ್ತಿದ್ದರು. ಇದು ತಾನಾಗಿ ತೊಟ್ಟ ವ್ರತ. ವಿಜಯದಾಸರ ಬಗೆಗೆ ಇನ್ನೊಂದು ಕಥೆಯಿದೆ. ಹಸುಗೂಸಿನೊಂದಿಗೆ ನೀರಿಗೆ ಬೀಳಹೊರಟ ಹೆಂಗಸೊಬ್ಬಳನ್ನು ಅವರು ತಡೆದು, ತಾಯಿ ಮಗು ಇಬ್ಬರಿಗೂ ಆಶ್ರಯವಿತ್ತರು. ಆ ಮಗುವೇ ಮುಂದೆ ಮೋಹನದಾಸರಾದರು. ಆಕೆ ಯಾಕೆ ಸಾಯಹೊರಟಳೆಂದು ದಾಸರು ಪಂಚಾಯಿತಿ ಸೇರಿಸಿದಂತೆ ನಾನು ಎಲ್ಲೂ ಕೇಳಿಲ್ಲ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಅದೇ ದಾಸರ ಪದಗಳನ್ನು ಹಾಡಿಕೊಂಡು ಬಂದ ಮನೆಗಳಲ್ಲಿಯೇ ಬೇರೆ ರೀತಿಯೂ ನಡೆದಿದೆ. ನಮ್ಮ ಬಂಧುಗಳಲ್ಲಿ ಎಂಬತ್ತು ದಾಟಿದವರಿಗೆ ಇದು ಗೊತ್ತಿರುವ ಸಂಗತಿ, ಹೆಸರು ಬರೆಯುವುದಿಲ್ಲ. ನನ್ನ ಅಜ್ಜಿಯ ತಲೆಮಾರಿನಲ್ಲಿ ಹನ್ನೊಂದನೆಯ ವಯಸ್ಸಿಗೆ ವಿಧವೆಯಾದವರೊಬ್ಬರಿದ್ದರು. ಹರಿಕಥಾಮೃತಸಾರದ ಪಾರಾಯಣವನ್ನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿ ಕೇಳಿಯೇ ಅದನ್ನು ಕಂಠಸ್ಥ ಮಾಡಿಕೊಂಡಿದ್ದರಂತೆ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನಲ್ಲಿ ಅವರನ್ನು ‘ಕ್ಷೇತ್ರಕ್ಕೆ’ ಕಳಿಸಲಾಯಿತು. ಯಾವ ಕ್ಷೇತ್ರವೆಂದು ಯಾರೂ ಹೇಳಲಿಲ್ಲ, ಆಮೇಲೆ ಅವರು ಬರಲೂ ಇಲ್ಲ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆಯಿತ್ತು. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸಿರುತ್ತಿದ್ದರು. ಆ ತಂಬಿಗೆಯ ಮೇಲೆ ಮಾತ್ರ ಹೆಸರಿದ್ದ ಜಾಗವನ್ನು ಅರದಿಂದ ಉಜ್ಜಿದ ಗೆರೆಗಳಿದ್ದವು. ಯಾರದಿದು ಎಂದು ಕೇಳಿದರೆ ಅಜ್ಜಿ ಅದನ್ನು ಕೈಯಿಂದ ತೆಗೆದುಕೊಂಡು ಒಳಗಿಡುತ್ತಿದ್ದಳು.

ಅನಂತಮೂರ್ತಿಯವರದೇ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’ವನ್ನು ನೋಡುವಾಗ ನನಗೆ ಆ ತಂಬಿಗೆ ಕಣ್ಣಿಗೆ ಕಟ್ಟುತ್ತಿತ್ತು. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನೆ ವಿಧವೆ. ಆಕೆ ಗರ್ಭಿಣಿಯಾಗುತ್ತಾಳೆ. ಕಾರಣನಾದವನು ಶಾಲೆಯ ಮೇಷ್ಟರು (ನಮ್ಮ ವೃತ್ತಿಯವನೇ, ಏನು ಮಾಡುವುದು). ಬಹಿಷ್ಕಾರ ಬೀಳುವುದು ಯಮುನೆಗೆ. ಬದುಕಿರುವ ಮಗಳಿಗೆ ತಂದೆಯೇ ಗಡಿಗೆಯಿಟ್ಟು ಶ್ರಾದ್ಧ ಮಾಡುತ್ತಾನೆ, ಅದೇ ತಂದೆ ಇಳಿವಯಸ್ಸಿನಲ್ಲಿ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಸಿದ್ಧನಾಗುತ್ತಾನೆ. ಇದೆಲ್ಲವನ್ನೂ ನಾಣಿ ಎಂಬ ಪುಟ್ಟ ವಟುವಿನ ಕಣ್ಣಿನಿಂದ ತೋರಿಸಿದ್ದಾರೆ. ಇದಕ್ಕೂ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಕೆಟ್ಟುಹೋಗುತ್ತಿದ್ದ ಇದರ ಪ್ರತಿಯನ್ನು ಈಚೆಗೆ ಸಂರಕ್ಷಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎರಡು ಚಿತ್ರಗಳಲ್ಲಿ ಯಾವುದು ಮೇಲೆಂದು ಕೇಳಿದರೆ ನಾನು ‘ಘಟಶ್ರಾದ್ಧ’ದ ಕಡೆಗೆ ಕೈ ತೋರುತ್ತೇನೆ. ಪ್ರಾಣೇಶಾಚಾರ್ಯನ ವ್ರತ ಅವನೇ ಆರಿಸಿಕೊಂಡದ್ದು. ಮುರಿದಾಗ ಅವನಿಗೆ ತತ್ತ್ವವಿಚಾರ ಮಾಡುತ್ತ ನಡೆಯಲು ಊರಾಚೆಯ ದಾರಿಯಿತ್ತು. ಯಮುನೆಯ ವ್ರತ ಆಕೆಯ ಮೇಲೆ ಹೊರಿಸಿದ್ದು, ಫ್ರಾನ್ಸಿನ ಸುಜಾನಳಂತೆ. ಅದು ಮುರಿದಾಗ ಆಕೆಗೆ ಉಳಿದದ್ದು ಬೋಳಿಸಿದ ತಲೆ ಮತ್ತು ಬೀದಿ.

ಹಾಗಿದ್ದರೂ ‘ಸಂಸ್ಕಾರ’ದಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವ ಒಂದು ಭಾಗವಿದೆ. ಆಚಾರ್ಯ ಮಾರುತಿಯ ಗುಡಿಯಿಂದ ಉತ್ತರವಿಲ್ಲದೆ ಬಂದ ರಾತ್ರಿ, ಚಂದ್ರಿ ಒಬ್ಬಳೇ ನಾರಣಪ್ಪನ ಮನೆಗೆ ಬರುತ್ತಾಳೆ. ಹೆಣ ಕೆಡುತ್ತಿದೆ. ಗಾಡಿಯವನನ್ನು ಕೇಳುತ್ತಾಳೆ, ಬ್ರಾಹ್ಮಣನ ಹೆಣ ಮುಟ್ಟಿ ಪಾಪ ಕಟ್ಟಿಕೊಳ್ಳಲಾರೆ ಎನ್ನುತ್ತಾನೆ. ಕೊನೆಗೆ ಮೀನು ಮಾರುವ ಅಹಮದ್ ಬ್ಯಾರಿ, ನಾರಣಪ್ಪನಿಂದ ಹಿಂದೆಂದೋ ಉಪಕಾರ ಪಡೆದವನು, ಗಾಡಿ ಕಟ್ಟಿ ಸೌದೆ ಹೇರಿಕೊಂಡು ಬರುತ್ತಾನೆ. ಇಬ್ಬರೂ ಕತ್ತಲಲ್ಲಿ ಹೆಣವನ್ನು ಸುಟ್ಟುಬಿಡುತ್ತಾರೆ. ಮಂತ್ರವಿಲ್ಲ, ಕರ್ತೃವಿಲ್ಲ. ಬೆಳಗಾಗುವುದರೊಳಗೆ ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಮರುದಿನವೂ ಅಗ್ರಹಾರದವರು ಹಸಿದ ಹೊಟ್ಟೆಯಲ್ಲಿ, ಮಠದ ಗುರುಗಳ ಅಪ್ಪಣೆ ಪಡೆಯಲು ಊರಿಂದೂರಿಗೆ ನಡೆಯುತ್ತಾರೆ. ಇಲ್ಲದ ಹೆಣದ ಬಗ್ಗೆ ಅವರ ವಾದ ಮುಂದುವರಿಯುತ್ತದೆ!

ಪಾಠ ಮಾಡುವಾಗ ಇಲ್ಲಿಗೆ ಬಂದೊಡನೆ ಹುಡುಗರು ನಗುತ್ತಿದ್ದರು, ಆಮೇಲೆ ಒಮ್ಮೆಲೇ ಸುಮ್ಮನಾಗುತ್ತಿದ್ದರು. ಚಂದ್ರಿ ಮುಂದೆ ಏನಾದಳು ಎಂದು ಹುಡುಗಿಯರು ಮಾತ್ರ ಕೇಳುತ್ತಿದ್ದರು. ಕಾದಂಬರಿಕಾರರು ಹೇಳಲಿಲ್ಲ, ಚಿತ್ರದವರೂ ಹೇಳಲಿಲ್ಲ. ಇಬ್ಬರಿಗೂ ಆಚಾರ್ಯನ ಮನಸ್ಸಿನ ತೊಳಲಾಟವೇ ದೊಡ್ಡದಾಯಿತು; ಕೆಲಸ ಮಾಡಿ ಮುಗಿಸಿದವಳನ್ನು ಕತ್ತಲೆಯಲ್ಲೇ ಬಿಟ್ಟರು. ಇದು ನನ್ನ ದೂರು. ಆ ಕೃತಿಯನ್ನು ಎಷ್ಟು ಮೆಚ್ಚಿದರೂ ಈ ದೂರನ್ನು ನಾನು ಹಿಂತೆಗೆದುಕೊಂಡಿಲ್ಲ.

ಚಂದ್ರಿಯ ಪಾತ್ರ ಮಾಡಿದವರ ಕಥೆಯಾದರೋ ಇತಿಹಾಸದಲ್ಲಿ ದಾಖಲಾಗಿದೆ. ಸ್ನೇಹಲತಾ ರೆಡ್ಡಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು, ರಂಗಭೂಮಿಯವರು, ಸಮಾಜವಾದಿಗಳ ಒಡನಾಡಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅವರನ್ನು ಬರೋಡಾ ಡೈನಮೈಟ್ ಪ್ರಕರಣಕ್ಕೆ ಸಂಬಂಧಿಸಿದಂತೆ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಅವರಿಗೆ ಉಬ್ಬಸದ ಕಾಯಿಲೆ ತೀವ್ರವಾಗಿತ್ತು. ಅವರ ಮೇಲಿನ ಆರೋಪ ಕೊನೆಗೂ ಸಾಬೀತಾಗಲಿಲ್ಲ. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಮನೆಗೆ ಬಿಟ್ಟರು. ಅದೇ ತಿಂಗಳ 20ರಂದು ತೀರಿಕೊಂಡರು. ಸೆರೆಮನೆಯಲ್ಲಿ ಅವರು ಬರೆದ ದಿನಚರಿಯು ಆ ಬಳಿಕ ಪುಸ್ತಕವಾಗಿ ಬಂದಿದೆ. ಚಿತ್ರ ನೋಡುವವರು ಅದನ್ನೂ ಓದಬೇಕು.